ಪಕ್ಕದ ಮನೆ ಹುಡುಗನ ಸಹಾಯದಿಂದ ಸಾಕಾಗಿ ಹೋಗಿದೆ, ಏನು ಮಾಡಲಿ?

ಪ್ರಶ್ನೆ: ನನಗೆ 68 ವರ್ಷ, ನಿವೃತ್ತನಾಗಿದ್ದೇನೆ. ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಪಕ್ಕದ ಮನೆಯಲ್ಲಿ 7 ವರ್ಷದ ಹುಡುಗ ಇದ್ದಾನೆ. ಕೆಟ್ಟವನಲ್ಲ, ನನ್ನನ್ನು ಕಂಡರೆ ಅವನಿಗೆ ಪ್ರಾಣ. ತೊಂದರೆ ಇರುವುದೇ ಅಲ್ಲಿ. ಗಿಡ ಬಾಡಿದೆ ಅಂತ ನನ್ನ ಕುಂಡಗಳಿಗೆ ದಿನಕ್ಕೆ ಮೂರು ಸಲ ನೀರು ಸುರಿದ, ಎರಡು ಗಿಡ ಕೊಳೆತು ಹೋದವು. ಕನ್ನಡಕ ಮಸುಕಾಗಿದೆ ಅಂತ ಪಾತ್ರೆ ತಿಕ್ಕುವ ಸ್ಕ್ರಬ್ಬರ್‌ನಲ್ಲಿ ಉಜ್ಜಿ ತಂದುಕೊಟ್ಟ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಬೆಲ್ ಒತ್ತಿ "ತಾತಾ, ಮಲಗಿದ್ದೀರಾ?" ಅಂತ ಕೇಳುತ್ತಾನೆ. ಬೈದರೆ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾನೆ, ಮರುದಿನ ಮತ್ತೆ ಹಾಜರ್. ಅವರಪ್ಪ ಅಮ್ಮ "ಇನ್ನೂ ಮಗು" ಅಂತ ನಕ್ಕು ಸುಮ್ಮನಾಗುತ್ತಾರೆ. ಮೊನ್ನೆ ತಡೆಯಲಾರದೆ ಕಿರುಚಿಬಿಟ್ಟೆ, ಅವನು ಅತ್ತ. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಹುಡುಗನಿಗೆ ಏನಾದರೂ ಸಮಸ್ಯೆ ಇದೆಯಾ? ಇಲ್ಲ, ನನ್ನ ಮನಸ್ಸೇ ಕಲ್ಲಾಗಿದೆಯಾ? ಅವನ ಮನಸ್ಸು ಮುರಿಯದ ಹಾಗೆ ಇದನ್ನು ನಿಲ್ಲಿಸುವುದು ಹೇಗೆ?

ಉತ್ತರ: ಮನಸ್ಸು ಕಲ್ಲಾಗಿದ್ದರೆ ಆ ರಾತ್ರಿ ನೀವು ಚೆನ್ನಾಗಿಯೇ ನಿದ್ದೆ ಮಾಡುತ್ತಿದ್ದಿರಿ. ಹಾಗಾಗಿ ಆ ಅನುಮಾನವನ್ನು ಮೊದಲು ಬಿಟ್ಟುಬಿಡಿ. ನಿಮಗೆ ಬರುವ ಸಿಟ್ಟಿನಲ್ಲಿ ಸ್ವಭಾವದ ಪಾಲು ಕಡಿಮೆ, ದೇಹದ ಪಾಲೇ ಜಾಸ್ತಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸ್ವರಗಳನ್ನು, ಮಕ್ಕಳ ಮಾತು ಸರಿಯಾಗಿ ತಿಳಿಯದೆ ಹೋಗುವುದು ಇದರಿಂದಲೇ. ಅದೇ ಕಿವಿಗೆ ಜೋರು ಶಬ್ದ ಮಾತ್ರ ಮೊದಲಿಗಿಂತ ಬೇಗ ಹಿಂಸೆಯಾಗುತ್ತದೆ. ಕೇಳಿಸದ ಶಬ್ದಕ್ಕೂ ತಡೆಯಲಾಗದ ಶಬ್ದಕ್ಕೂ ನಡುವೆ ಇರುವ ಅಂತರ ಕಿರಿದಾಗುತ್ತಾ ಬರುತ್ತದೆ. ಹುಡುಗ ಮೆಲ್ಲಗೆ ಹೇಳಿದ್ದು ನಿಮಗೆ ಕೇಳಲಿಲ್ಲ, ನೀವು "ಏನು?" ಅಂದಿರಿ, ಅವನು ದನಿ ಏರಿಸಿದ, ನಿಮ್ಮ ತಲೆ ಸಿಡಿಯಿತು. ಇಲ್ಲಿ ತಪ್ಪು ಯಾರದೂ ಅಲ್ಲ.

ನಿದ್ದೆಯ ಕಥೆಯೂ ಹೀಗೇ. ಈ ವಯಸ್ಸಿಗೆ ಗಾಢ ನಿದ್ದೆ ಕಡಿಮೆಯಾಗಿರುತ್ತದೆ, ರಾತ್ರಿ ನಡುನಡುವೆ ಎಚ್ಚರವಾಗುತ್ತದೆ. ಆ ಕೊರತೆಯನ್ನು ಮಧ್ಯಾಹ್ನದ ಅರ್ಧ ಗಂಟೆ ಸ್ವಲ್ಪ ತುಂಬಿಕೊಡುತ್ತದೆ. ಅಷ್ಟರಲ್ಲಿ ಬೆಲ್ ಹೊಡೆದರೆ ಮತ್ತೆ ನಿದ್ದೆ ಹತ್ತುವುದು ಕಷ್ಟ. ಸಿಟ್ಟು ಬರದಿದ್ದರೇ ಆಶ್ಚರ್ಯ. ನಿಮ್ಮ ಮಧ್ಯಾಹ್ನದ ನಿದ್ದೆಯನ್ನು ಕಾಪಾಡಿಕೊಳ್ಳುವುದು ಸ್ವಾರ್ಥ ಅಲ್ಲ. ಅದು ಸಿಕ್ಕಿದ ದಿನ ಸಂಜೆ ಇದೇ ಹುಡುಗನ ಜೊತೆ ನೀವು ಹೇಗಿರುತ್ತೀರಿ ಅಂತ ನೀವೇ ಗಮನಿಸಿ ನೋಡಿ.

ಹುಡುಗನಿಗೆ ಸಮಸ್ಯೆ ಇದೆಯಾ ಅಂತ ಕೇಳಿದ್ದೀರಿ. ನೀವು ಬರೆದಿರುವುದರಲ್ಲಿ ಹಾಗೆ ಅನ್ನಿಸುವಂಥದ್ದು ಏನೂ ಇಲ್ಲ. ಗಮನ ನಿಲ್ಲದಿರುವುದು, ಅತಿಯಾದ ಚಟುವಟಿಕೆ ಇವನ್ನು ಕಾಯಿಲೆಯ ಲಕ್ಷಣ ಅನ್ನಬೇಕಾದರೆ ಅವು ಕನಿಷ್ಠ 6 ತಿಂಗಳಿಂದ ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು, ಮಗುವಿನ ಓದಿಗೋ ಗೆಳೆತನಕ್ಕೋ ಅಡ್ಡಿಯಾಗಿರಬೇಕು. ಪಕ್ಕದ ಮನೆಯ ಅಂಗಳದಲ್ಲಿ ನಿಂತು ಅದನ್ನು ತೀರ್ಮಾನಿಸಲು ಆಗುವುದಿಲ್ಲ, ತೀರ್ಮಾನಿಸಲೂ ಬಾರದು. ಅವನ ಅಪ್ಪ ಅಮ್ಮನ ಎದುರು ಈ ಮಾತನ್ನು ಎತ್ತಲೇಬೇಡಿ. ಇರುವ ಸ್ನೇಹವೂ ಕೆಡುತ್ತದೆ.

ಇನ್ನು ಮುಖ್ಯ ಪ್ರಶ್ನೆ, ನಿಲ್ಲಿಸುವುದು ಹೇಗೆ ಅನ್ನುವುದು. ನನ್ನ ಸಲಹೆ, ನಿಲ್ಲಿಸಲು ಹೋಗಬೇಡಿ. ಅವನ ಸಹಾಯಕ್ಕೆ ಒಂದು ಕೆಲಸ, ಒಂದು ಹೊತ್ತು, ಒಂದು ಜಾಗ ಗೊತ್ತು ಮಾಡಿಕೊಡಿ. ಈಗ ಅವನು ಇಡೀ ದಿನ, ಇಡೀ ಮನೆಗೆ, ತನಗೆ ತೋಚಿದ ಸಹಾಯ ಮಾಡುತ್ತಿದ್ದಾನೆ. ನಿಮ್ಮ ಸುಸ್ತಿಗೆ ಕಾರಣ ಇದೇ.

ಸಹಾಯ ಮಾಡಬೇಕು ಅನ್ನುವ ಆಸೆಯನ್ನು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. 2006ರಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ ಎಂಬ ಇಬ್ಬರು ಸಂಶೋಧಕರು ಒಂದೂವರೆ ವರ್ಷದ ಮಕ್ಕಳನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಮಗುವಿಗೆ ಪರಿಚಯವೇ ಇಲ್ಲದ ದೊಡ್ಡವರೊಬ್ಬರು ಬಟ್ಟೆ ಒಣಗಿಸುವಾಗ ಕ್ಲಿಪ್ ಬೀಳಿಸಿ, ಕೈಗೆ ಎಟುಕದೆ ಒದ್ದಾಡುತ್ತಾರೆ. ಇನ್ನೊಂದು ಸಲ ಎರಡೂ ಕೈಯಲ್ಲಿ ಪುಸ್ತಕ ಹಿಡಿದು, ಮುಚ್ಚಿದ ಬೀರುವಿನ ಮುಂದೆ ಪೇಚಾಡುತ್ತಾರೆ. ಯಾರೂ ಹೇಳಿಕೊಡದೆ, ಯಾರೂ ಹೊಗಳದೆ, ಹೆಚ್ಚಿನ ಮಕ್ಕಳು ಒಂದಲ್ಲ ಒಂದು ಸಲ ಎದ್ದು ಹೋಗಿ ಸಹಾಯ ಮಾಡಿದವು. ಇನ್ನೂ ಸರಿಯಾಗಿ ಮಾತು ಬಾರದ, ತಟ್ಟಾಡಿ ನಡೆಯುವ ಮಕ್ಕಳು ಅವು! ನಿಮ್ಮ ಪಕ್ಕದ ಮನೆಯವನಲ್ಲಿ ಇರುವುದು ಅದೇ ಆಸೆ. ಅದಕ್ಕೆ ಈಗ ಓಡುವ ಕಾಲು, ನಲ್ಲಿ ತಿರುಗಿಸುವ ಕೈ, ಬೆಲ್ಲಿಗೆ ಎಟುಕುವ ಎತ್ತರ ಸೇರಿಕೊಂಡಿವೆ.

ಅವನಿಗೆ ಇನ್ನೂ ಬಂದಿಲ್ಲದ್ದು ಮುಂದಾಲೋಚನೆ. ಒಂದು ಕ್ಷಣ ತಡೆದು, ಹೀಗೆ ಮಾಡಿದರೆ ಮುಂದೇನಾಗುತ್ತದೆ ಅಂತ ಯೋಚಿಸುವ ಕೆಲಸ ಹಣೆಯ ಹಿಂದಿರುವ ಮಿದುಳಿನ ಭಾಗದ್ದು. ಅದು ಪೂರ್ತಿ ಬಲಿಯುವುದು 20 ದಾಟಿ 25ರ ಆಸುಪಾಸಿಗೆ. 7 ವರ್ಷಕ್ಕೆ ಆಸೆ ಮುಂದೆ ಓಡುತ್ತದೆ, ವಿವೇಕ ಹಿಂದೆ ಉಳಿಯುತ್ತದೆ. ಅದಕ್ಕೇ "ಅಷ್ಟೂ ಗೊತ್ತಾಗಲ್ವಾ ನಿನಗೆ?" ಅಂತ ಕೇಳಿ ಪ್ರಯೋಜನ ಇಲ್ಲ. ನಿಜವಾಗಿಯೂ ಗೊತ್ತಾಗಿರುವುದಿಲ್ಲ.

ಗಿಡದ ವಿಷಯವನ್ನೇ ತೆಗೆದುಕೊಳ್ಳಿ. ನೀರಿಲ್ಲದ ಗಿಡದ ಎಲೆ ಜೋತು ಬೀಳುತ್ತದೆ. ನೀರು ಜಾಸ್ತಿಯಾದ ಗಿಡದ ಎಲೆಯೂ ಜೋತು ಬೀಳುತ್ತದೆ, ಯಾಕೆಂದರೆ ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿ, ಬೇರಿಗೆ ಗಾಳಿ ಸಿಗದೆ, ಅದು ಕೊಳೆಯಲು ಶುರುವಾಗಿರುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಹುಡುಗ ನೋಡಿದ್ದು ಜೋತು ಬಿದ್ದ ಎಲೆ. ನೀರು ಹಾಕಿದ. ಮಾರನೇ ದಿನ ಇನ್ನೂ ಜೋತು ಬಿದ್ದಿತ್ತು. ಇನ್ನಷ್ಟು ಹಾಕಿದ. ಅವನ ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ, ಮಣ್ಣಿನ ಒಳಗಿನದು ಅವನಿಗೆ ಕಾಣುವುದಿಲ್ಲ ಅಷ್ಟೆ. ಗಿಡ ಬೆಳೆಸಲು ಹೊಸದಾಗಿ ಶುರು ಮಾಡಿದ ದೊಡ್ಡವರೂ ಇದನ್ನೇ ಮಾಡುತ್ತಾರೆ.

ಕನ್ನಡಕದ್ದೂ ಅಷ್ಟೇ. ಕೊಳೆಯಾದದ್ದನ್ನು ಉಜ್ಜಿ ತೊಳೆಯಬೇಕು ಅನ್ನುವ ನಿಯಮ ಅವನಿಗೆ ಗೊತ್ತು. ಪಾತ್ರೆಗೆ ಅದು ಸರಿ. ಇವತ್ತಿನ ಕನ್ನಡಕದ ಗಾಜು ಹೆಚ್ಚಾಗಿ ಗಾಜೇ ಅಲ್ಲ, ಮೇಲೆ ತೆಳ್ಳಗೆ ಲೇಪ ಕೊಟ್ಟ ಪ್ಲಾಸ್ಟಿಕ್. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೂ ಅದಕ್ಕೆ ಗೀರು ಬೀಳುತ್ತದೆ. ಇದನ್ನು ಅವನಿಗೆ ಯಾರು ಹೇಳಿದ್ದರು?

ಇಲ್ಲಿ ಒಂದು ಹಳೆಯ ಅಧ್ಯಯನ ನಿಮಗೆ ಉಪಯೋಗಕ್ಕೆ ಬರುತ್ತದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ, ಮಕ್ಕಳು ಸರಿ ತಪ್ಪನ್ನು ಹೇಗೆ ಅಳೆಯುತ್ತಾರೆ ಅಂತ ಕಂಡುಕೊಳ್ಳಲು ಅವರಿಗೆ ಎರಡು ಕಥೆ ಹೇಳುತ್ತಿದ್ದರು. ಅದರ ಫಲಿತಾಂಶ ಪ್ರಕಟವಾದದ್ದು 1932ರಲ್ಲಿ. ಮೊದಲ ಕಥೆಯಲ್ಲಿ ಊಟಕ್ಕೆ ಕರೆದರೆಂದು ಹುಡುಗನೊಬ್ಬ ಬಾಗಿಲು ತಳ್ಳಿ ಒಳಗೆ ಬರುತ್ತಾನೆ. ಬಾಗಿಲ ಹಿಂದೆ ತಟ್ಟೆಯಲ್ಲಿ 15 ಕಪ್ ಇದ್ದದ್ದು ಅವನಿಗೆ ಗೊತ್ತಿಲ್ಲ, ಹದಿನೈದೂ ಒಡೆಯುತ್ತವೆ. ಎರಡನೇ ಕಥೆಯ ಹುಡುಗ ಅಮ್ಮ ಇಲ್ಲದಾಗ ಜಾಮ್ ಕದಿಯಲು ಕಪಾಟು ಹತ್ತಿ ಒಂದು ಕಪ್ ಒಡೆಯುತ್ತಾನೆ. ಇಬ್ಬರಲ್ಲಿ ಯಾರ ತಪ್ಪು ಜಾಸ್ತಿ? ಚಿಕ್ಕ ಮಕ್ಕಳಲ್ಲಿ ಬಹಳಷ್ಟು ಮಂದಿ 15 ಕಪ್ ಒಡೆದವನದು ಅಂದರು. ಸ್ವಲ್ಪ ದೊಡ್ಡವರು ಮಾತ್ರ ಉದ್ದೇಶವನ್ನು ನೋಡಿದರು. ಮುಂದೆ ಬೇರೆ ಸಂಶೋಧಕರು ಕಥೆಯಲ್ಲಿ ಉದ್ದೇಶವನ್ನು ಬಿಡಿಸಿ ಹೇಳಿ ನೋಡಿದಾಗ, ಪಿಯಾಜೆ ಅಂದುಕೊಂಡದ್ದಕ್ಕಿಂತ ಚಿಕ್ಕ ಮಕ್ಕಳೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಅಂತ ಗೊತ್ತಾಯಿತು.

ನಿಮ್ಮ ಹುಡುಗ ಈಗ ಇರುವುದು ಈ ಬದಲಾವಣೆಯ ವಯಸ್ಸಿನಲ್ಲೇ. ಒಳ್ಳೇದು ಮಾಡಲು ಹೋದೆ ಅನ್ನುವುದು ಅವನಿಗೆ ಸ್ಪಷ್ಟವಾಗಿ ಗೊತ್ತು. ನಷ್ಟ ಆಗಿದೆ ಅನ್ನುವುದು ನಿಮ್ಮ ಮುಖ ನೋಡಿದಾಗ ಗೊತ್ತಾಗುತ್ತದೆ. ಎರಡನ್ನೂ ಜೋಡಿಸಿಕೊಳ್ಳಲು ಮಾತ್ರ ಅವನಿಗೆ ಬರುತ್ತಿಲ್ಲ. ಆಗ ನೀವು ಕಿರುಚಿದರೆ ಅವನಿಗೆ ಕೇಳಿಸುವುದು "ನೀರು ಜಾಸ್ತಿಯಾಯಿತು" ಅಂತಲ್ಲ, "ನೀನು ನನಗೆ ಬೇಡ" ಅಂತ. ಅವನು ಅತ್ತಿದ್ದು ಅದಕ್ಕೆ. ಮರುದಿನ ಬಂದು ನಿಲ್ಲುವುದೂ ಅದಕ್ಕೇ. ಇನ್ನೊಂದು ಸಹಾಯ ಮಾಡಿ ನಿಮ್ಮ ಮನಸ್ಸು ಗೆಲ್ಲಬೇಕು ಅಂತ ಬರುತ್ತಾನೆ. ನೀವು ಬೈದಷ್ಟೂ ಅವನ ಸಹಾಯ ಜಾಸ್ತಿಯಾಗುತ್ತದೆ.

ಹಾಗಾದರೆ ನಷ್ಟ ಆದಾಗ ಏನು ಹೇಳಬೇಕು? ಎರಡನ್ನೂ ಹೇಳಿ, ಉದ್ದೇಶವನ್ನು ಮೊದಲು, ಆದದ್ದನ್ನು ಆಮೇಲೆ. "ಗಿಡ ಬಾಡಿದೆ ಅಂತ ನಿನಗೆ ಬೇಜಾರಾಯ್ತು ಅಲ್ವಾ? ಈಗ ಒಳಗೆ ಏನಾಗಿದೆ ನೋಡೋಣ ಬಾ." ಆಮೇಲೆ ಆ ಸತ್ತ ಗಿಡವನ್ನು ಎಸೆಯದೆ ಅವನ ಎದುರಿಗೇ ಕುಂಡದಿಂದ ಕಿತ್ತು ತೋರಿಸಿ. ಕೊಳೆತ ಬೇರು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿರುತ್ತದೆ, ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿ ಬರುತ್ತದೆ, ಕೆಟ್ಟ ವಾಸನೆ. ಪಕ್ಕದ ಕುಂಡದ ಮಣ್ಣನ್ನು ಸ್ವಲ್ಪ ಕೆದಕಿ ಒಳ್ಳೆಯ ಬೇರನ್ನೂ ತೋರಿಸಿ, ಹೆಚ್ಚಿನ ಗಿಡಗಳಲ್ಲಿ ಅದು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಅವನೇ ಮುಟ್ಟಲಿ, ಮೂಸಲಿ. 7 ವರ್ಷದವನಿಗೆ ಹತ್ತು ನಿಮಿಷದ ಉಪದೇಶ ನಾಟುವುದಿಲ್ಲ, ಈ ವಾಸನೆ ನಾಟುತ್ತದೆ.

ಅದಾದ ಮೇಲೆ ಬೆರಳಿನ ಪರೀಕ್ಷೆ ಕಲಿಸಿ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಬೇಕು. ತುದಿಗೆ ತೇವ ಸಿಕ್ಕಿದರೆ ನೀರು ಬೇಡ. ಒಣಗಿದ್ದರೆ ಒಂದು ಲೋಟ, ಅದೂ ನಿಧಾನವಾಗಿ. ಮೇಲಿನ ಮಣ್ಣು ಒಣಗಿದ್ದರೂ ಒಳಗೆ ತೇವ ಇರುತ್ತದೆ ಅನ್ನುವುದು ಅವನಿಗೆ ದೊಡ್ಡ ಗುಟ್ಟು ಗೊತ್ತಾದ ಹಾಗೆ. ಈ ಪರೀಕ್ಷೆಯ ಚೆಂದ ಏನೆಂದರೆ, ನೀರು ಹಾಕುವ ಮುಂಚೆ ಒಂದು ಕ್ಷಣ ನಿಲ್ಲುವುದನ್ನು ಅದು ಅವನ ಕೈಗೇ ಕಲಿಸಿಬಿಡುತ್ತದೆ. ನೀವು ಎಷ್ಟು ಹೇಳಿದರೂ ಬಾರದ ತಾಳ್ಮೆ ಬೆರಳಿಗೆ ಕೆಲಸ ಕೊಟ್ಟಾಗ ಬರುತ್ತದೆ.

ಅವನಿಗೆ ಅಂತ ಮೂರೋ ನಾಲ್ಕೋ ಕುಂಡ ಬಿಟ್ಟುಕೊಡಿ, ಅವು ಅವನ ಹೊಣೆ. ಉಳಿದವು ನಿಮ್ಮವು, ಮುಟ್ಟುವ ಹಾಗಿಲ್ಲ. ಕೊಡುವಾಗ ಗಟ್ಟಿ ಜೀವದ ಗಿಡಗಳನ್ನೇ ಆರಿಸಿ, ನಿಮಗೆ ತುಂಬಾ ಇಷ್ಟವಾದದ್ದನ್ನು ಬೇಡ. ಕೆಲಸ ನಿಜವಾದದ್ದಾಗಿರಬೇಕು. ಸುಮ್ನೆ ಸಾಗಹಾಕಲು ಕೊಟ್ಟ ಕೆಲಸವನ್ನು ಮಕ್ಕಳು ಬೇಗ ಕಂಡುಹಿಡಿಯುತ್ತಾರೆ. ಮನುಷ್ಯನ ಬೆಳವಣಿಗೆಯನ್ನು ಹಂತ ಹಂತವಾಗಿ ವಿವರಿಸಿದ ಎರಿಕ್ ಎರಿಕ್ಸನ್, ಸುಮಾರು 6ರಿಂದ 12 ವರ್ಷದ ಹಂತವನ್ನು ಮಗು "ನನ್ನ ಕೈಯಿಂದ ಏನಾದರೂ ಆಗುತ್ತದೆ" ಅನ್ನುವುದನ್ನು ಕಂಡುಕೊಳ್ಳುವ ಕಾಲ ಅಂದರು. ಅದು ಆಗದಿದ್ದರೆ "ನಾನು ಯಾವುದಕ್ಕೂ ಬಾರದವನು" ಅನ್ನುವ ಭಾವನೆ ಬೇರೂರುತ್ತದೆ. ಮಧ್ಯವಯಸ್ಸು ದಾಟುತ್ತಿರುವವರ ಬಗ್ಗೆಯೂ ಅವರು ಹೇಳಿದ್ದಾರೆ, ತಮಗೆ ಗೊತ್ತಿರುವುದನ್ನು ಮುಂದಿನವರಿಗೆ ದಾಟಿಸುವುದು ಅವರಿಗೂ ಒಂದು ಅಗತ್ಯ ಅಂತ. ಇದನ್ನು ಹೇರಲು ನಾನು ಹೇಳುತ್ತಿಲ್ಲ. ಆದರೆ ಇಷ್ಟು ಕುಂಡ ಸಾಕಿರುವ ನಿಮಗೆ ಅವನಿಗೆ ಕಲಿಸಲು ಬೇಕಾದಷ್ಟಿದೆ.

ಮಾಡಿದ ಕೆಲಸಕ್ಕೆ ಚಾಕೊಲೇಟು, ದುಡ್ಡು ಕೊಡಬೇಡಿ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು, ಚಿತ್ರ ಬಿಡಿಸಲು ತುಂಬಾ ಇಷ್ಟಪಡುವ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಮೊದಲೇ ಬಹುಮಾನದ ಆಸೆ ತೋರಿಸಿ ಚಿತ್ರ ಬರೆಸಿದರು. ಕೆಲವು ದಿನಗಳ ನಂತರ ಬಹುಮಾನ ಇಲ್ಲದಾಗ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ನಿಮ್ಮ ಹುಡುಗ ಈಗ ಪ್ರೀತಿಯಿಂದ ಮಾಡುತ್ತಿರುವುದನ್ನು ವ್ಯಾಪಾರ ಮಾಡಬೇಡಿ. "ಈ ವಾರ ಒಂದು ಗಿಡವೂ ಕೊಳೆಯಲಿಲ್ಲ, ಬೆರಳಿಟ್ಟು ನೋಡಿದ್ದಕ್ಕೆ" ಅಂತ ಹೇಳಿದರೆ ಸಾಕು. "ಜಾಣಮರಿ" ಅನ್ನುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಈಗ ಬೆಲ್ಲಿನ ವಿಷಯ. ಒಂದು ದಿನ ಬೆಲ್ ಹೊಡೆದಾಗ ನೀವು ಬೈಯುತ್ತೀರಿ. ಇನ್ನೊಂದು ದಿನ ಬಾಗಿಲೇ ತೆಗೆಯುವುದಿಲ್ಲ. ಮತ್ತೊಂದು ದಿನ ಮನಸ್ಸು ಕರಗಿ ಒಳಗೆ ಕರೆಯುತ್ತೀರಿ ಅಥವಾ ನಿಮ್ಮ ಹೆಂಡತಿ ಕರೆಯುತ್ತಾರೆ. ಹೀಗೇ ಅಲ್ವಾ? ಅಭ್ಯಾಸಗಳ ಬಗ್ಗೆ ಬಿ.ಎಫ್. ಸ್ಕಿನ್ನರ್ ಮಾಡಿದ ಪ್ರಯೋಗಗಳಲ್ಲಿ ಗಟ್ಟಿಯಾಗಿ ನಿಂತ ಒಂದು ಸಂಗತಿ ಇದು: ಪ್ರತಿ ಸಲವೂ ಫಲ ಸಿಗುವ ಅಭ್ಯಾಸಕ್ಕಿಂತ, ಯಾವಾಗ ಸಿಗುತ್ತದೆ ಅಂತ ಹೇಳಲಾಗದ ಅಭ್ಯಾಸವನ್ನು ಬಿಡಿಸುವುದು ಕಷ್ಟ. ಇವತ್ತು ಬಾಗಿಲು ತೆರೆಯಬಹುದು ಅನ್ನುವ ಆಸೆಯೇ ಅವನ ಕೈಯನ್ನು ಬೆಲ್ಲಿನ ಮೇಲೆ ಇಡಿಸುತ್ತದೆ.

ಅದಕ್ಕೆ ಬಾಗಿಲಿಗೆ ಒಂದು ಗುರುತು ಹಾಕಿ. ಒಂದು ರಟ್ಟು, ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು. ಕೆಂಪು ಇದ್ದರೆ ತಾತ ಮಲಗಿದ್ದಾರೆ, ಹಸಿರು ಇದ್ದರೆ ಬರಬಹುದು. ಬಣ್ಣ ಅವನೇ ಬಳಿಯಲಿ. "ನಾಲ್ಕು ಗಂಟೆ ಆದಮೇಲೆ ಬಾ" ಅನ್ನುವುದು ಈ ವಯಸ್ಸಿಗೆ ಅಷ್ಟು ಹಿಡಿತಕ್ಕೆ ಸಿಗುವುದಿಲ್ಲ, ಗಡಿಯಾರ ನೋಡಲು ಈಗಷ್ಟೇ ಕಲಿಯುತ್ತಿರುತ್ತಾರೆ. ಕಣ್ಣಿಗೆ ಕಾಣುವ ಬಣ್ಣ ಸಿಗುತ್ತದೆ. ಕೆಂಪು ಇದ್ದಾಗ ಬೆಲ್ ಹೊಡೆದರೆ ಮನೆಯಲ್ಲಿ ಯಾರೂ ಬಾಗಿಲು ತೆಗೆಯಬಾರದು, ಬೈಯಲೂ ಬಾರದು. ಹಸಿರು ತಿರುಗಿಸಿದ ಮೇಲೆ ಅವನು ಬಂದರೆ ನಗುತ್ತಾ ಬರಮಾಡಿಕೊಳ್ಳಬೇಕು, ನಿಮಗೆ ಅಷ್ಟು ಇಷ್ಟವಿಲ್ಲದ ದಿನವೂ. ಮೊದಲ ಕೆಲವು ದಿನ ಬೆಲ್ ಇನ್ನೂ ಜಾಸ್ತಿಯಾಗಬಹುದು. ಅದನ್ನು ನೋಡಿ ಉಪಾಯ ಕೆಟ್ಟಿತು ಅಂತ ಬಿಟ್ಟುಬಿಡಬೇಡಿ, ಹಳೆಯ ಅಭ್ಯಾಸ ಹೋಗುವ ಮುನ್ನ ಹೀಗೆ ಒಮ್ಮೆ ಎದ್ದು ಕೂರುವುದುಂಟು. ಆಗ ನೀವು ಸೋತು ಬಾಗಿಲು ತೆರೆದರೆ, ಹತ್ತು ಸಲ ಒತ್ತಿದರೆ ತೆರೆಯುತ್ತದೆ ಅಂತ ಅವನು ಕಲಿಯುತ್ತಾನೆ. ತಡೆಯಲು ಆಗದಿದ್ದರೆ ಮಲಗುವಾಗ ಬೆಲ್ಲಿನ ಸ್ವಿಚ್ಚೇ ಆರಿಸಿಬಿಡಿ.

ಕಿರುಚಿದ್ದರ ಬಗ್ಗೆ ನೀವೇ ಮೊದಲು ಮಾತಾಡಿ. "ಆವತ್ತು ಜೋರಾಗಿ ಕೂಗಿಬಿಟ್ಟೆ, ಅದು ತಪ್ಪಾಯ್ತು. ಗಿಡ ಹೋಗಿದ್ದಕ್ಕೆ ನನಗೆ ದುಃಖ ಆಗಿತ್ತು." ಇಷ್ಟು ಸಾಕು. "ಆದರೆ ನೀನೂ..." ಅಂತ ಬಾಲ ಅಂಟಿಸಬೇಡಿ.

ಅಪ್ಪ ಅಮ್ಮನ ಜೊತೆ ಮಾತಾಡಲೇಬೇಕು. ಏನಾದರೂ ಒಡೆದ ದಿನ ಬೇಡ, ನೆಮ್ಮದಿಯಾಗಿರುವ ದಿನ, ಹುಡುಗ ಹತ್ತಿರ ಇಲ್ಲದಾಗ. ದೂರು ಕೊಟ್ಟ ಹಾಗೆ ಶುರು ಮಾಡಿದರೆ ಯಾವ ತಂದೆ ತಾಯಿಯಾದರೂ ಮಗನ ಪರ ನಿಲ್ಲುತ್ತಾರೆ. "ನಿಮ್ಮ ಮಗ ನಮ್ಮನೆಗೆ ಬರುವುದು ನಮಗೆ ಇಷ್ಟ. ಮಧ್ಯಾಹ್ನ ಮಾತ್ರ ನನಗೆ ಮಲಗಲೇಬೇಕು. ಹೀಗೊಂದು ಬೋರ್ಡ್ ಮಾಡಿದ್ದೇವೆ, ನೀವೂ ಒಮ್ಮೆ ಅವನಿಗೆ ಹೇಳಿ" ಅನ್ನಿ. ಕನ್ನಡಕದ ಖರ್ಚನ್ನು ಕೇಳಬೇಕು ಅನ್ನಿಸಿದರೆ ಕೇಳಿ, ಅದರಲ್ಲಿ ಸಂಕೋಚ ಬೇಡ. ಮನಸ್ಸಿನಲ್ಲೇ ಇಟ್ಟುಕೊಂಡ ಲೆಕ್ಕ ಮುಂದೆ ಹುಡುಗನ ಮೇಲೆ ಸಿಟ್ಟಾಗಿ ಹೊರಬರುತ್ತದೆ. ಅವರು "ಇನ್ನೂ ಮಗು" ಅಂತ ಮತ್ತೆ ನಕ್ಕರೆ ನೀವೂ ನಗಬೇಡಿ. "ಹೌದು, ಮಗು. ಅದಕ್ಕೇ ನಾವು ದೊಡ್ಡವರು ಸೇರಿ ಹೇಳಿಕೊಡಬೇಕು" ಅನ್ನಿ. ಅವನು ನಿಮ್ಮ ಮನೆಗೆ ಬರುವಾಗಲೆಲ್ಲ ಅವರಿಗೆ ಹೇಳಿಯೇ ಬರಬೇಕು, ಬಾಗಿಲು ತೆರೆದಿರಬೇಕು, ಅಪ್ಪ ಅಮ್ಮ ಯಾವಾಗ ಬೇಕಾದರೂ ಬಂದು ನೋಡುವ ಹಾಗಿರಬೇಕು. ಇದು ಅವನಿಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ನಿಮ್ಮ ಮಾತ್ರೆಗಳನ್ನು ಇವತ್ತೇ ಅವನ ಕೈಗೆ ಸಿಗದ ಕಡೆ ಎತ್ತಿಡಿ, ಬೀಗ ಹಾಕುವ ಕಪಾಟಾದರೆ ಇನ್ನೂ ಒಳ್ಳೆಯದು. ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಮಾತ್ರೆ ಒಂದೆರಡಾದರೂ ಮಗುವಿನ ಜೀವಕ್ಕೆ ಅಪಾಯ ತರಬಹುದು. ತಾತನಿಗೆ ಮಾತ್ರೆ ತಂದುಕೊಡುತ್ತೇನೆ ಅಂತ ಡಬ್ಬಿ ತೆಗೆಯುವ ಹುಡುಗ ಇವನು. ಎರಡು ಡಬ್ಬಿಯ ಮಾತ್ರೆ ಬೆರೆಸಿಟ್ಟರೆ ಅಪಾಯ ನಿಮಗೂ ತಪ್ಪಿದ್ದಲ್ಲ. ಗಿಡದ ಔಷಧಿ, ಏಣಿ, ಕತ್ತರಿ ಇವುಗಳೂ ಹಾಗೇ. ಇಲ್ಲಿ ಕಲಿಸುವುದು, ತಿಳಿಹೇಳುವುದು ಎಲ್ಲ ಆಮೇಲೆ, ಮೊದಲು ಎತ್ತಿಡಿ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ದಿನ ನಿಮಗೆ ಯಾರೂ ಬೇಡ ಅನ್ನಿಸಬಹುದು. ಆ ದಿನ ಕೆಂಪು ತಿರುಗಿಸಿಟ್ಟು ಸುಮ್ಮನಿರಿ, ಕಾರಣ ಹೇಳಬೇಕಾಗಿಲ್ಲ. ಊರಿಗೆ ಹೋಗುವುದಿದ್ದರೆ ಮಾತ್ರ ಅವನಿಗೆ ಮೊದಲೇ ತಿಳಿಸಿ, ಎಷ್ಟು ರಾತ್ರಿ ಕಳೆದ ಮೇಲೆ ಬರುತ್ತೀರಿ ಅಂತ ಎಣಿಸಿ ಹೇಳಿ, ಅವನ ಕುಂಡಗಳನ್ನು ಅವನ ಕೈಗೆ ಎಟುಕುವ ಹಾಗೆ ಗೇಟಿನ ಹೊರಗೆ ಇಟ್ಟು ಹೋಗಿ.